ಅಂಗಡಿಯಿಂದ ತಂದ ರೈಫಲ್, ಮೇಲೆ ಹೊಸ ಸ್ಕೋಪ್: ಗುಂಡು ತಪ್ಪುವುದು ಎಲ್ಲಿಂದ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಯ ರೈಫಲ್ ಸೀಸನ್ ಶುರುವಾಗುವುದು ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ಶನಿವಾರ. 2019ಕ್ಕೆ ಮೊದಲು ಅದು ಸೋಮವಾರ ಇತ್ತು. ಅದರ ಹಿಂದಿನ ವಾರ ಗುರಿ ಅಭ್ಯಾಸದ ಯಾವ ರೇಂಜ್‌ಗೆ ಹೋದರೂ ಒಂದೇ ನೋಟ. ಹೊಸ ರೈಫಲ್, ಅದರ ಮೇಲೆ ಗುರಿ ನೋಡುವ ದುರ್ಬೀನಾದ ಹೊಸ ಸ್ಕೋಪ್, ಮೇಜಿನ ಸುತ್ತ ಖಾಲಿ ತೋಟಾಗಳ ರಾಶಿ. ಜೊತೆಗೆ ಗೊಣಗಾಟ: ಇದರ ನಳಿಗೆಯೇ ಸರಿ ಇಲ್ಲ!

ನಾನೂ ಹಾಗೆ ಗೊಣಗಿದವನೇ. ನನ್ನ ಮೊದಲ ರೈಫಲ್ .308 (ಗುಂಡಿನ ಅಗಲ, ಇಂಚಿನಲ್ಲಿ) ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಈಡಿಗೂ ಹಿಂದಿನ ಬೋಲ್ಟನ್ನು ಕೈಯಲ್ಲೇ ಎಳೆದು ಮುಚ್ಚುವಂಥದ್ದು. ಸ್ಕೋಪ್ ಅಂಗಡಿಯಲ್ಲೇ ಕೂರಿಸಿ ಕೊಟ್ಟಿದ್ದರು. ಮೊದಲ ದಿನ 100 ಗಜದಲ್ಲಿ ಮೂರು ಗುಂಡು ಒಂದಿಂಚಿನೊಳಗೆ ಬಿದ್ದವು. ಹಿಗ್ಗಿಹೋದೆ. ಮುಂದಿನ ಶನಿವಾರ ಅದೇ ರೈಫಲ್, ಅದೇ ತೋಟಾ, ನಾಲ್ಕು ಇಂಚು ಎಡಕ್ಕೆ. ಸ್ಕೋಪ್‌ನ ಗುಂಡಿ ತಿರುಗಿಸಿ ಸರಿಮಾಡಿದೆ. ಆಮೇಲೆ ಬಲಕ್ಕೆ ಹೋಯಿತು. ಎರಡು ವಾರಾಂತ್ಯ, ನಾಲ್ಕು ಡಬ್ಬ ತೋಟಾ, ಒಂದು ನೋಯುವ ಭುಜ. ಕೊನೆಗೆ ಸ್ಕೋಪ್ ಬಿಚ್ಚಿ ನೋಡಿದರೆ ಕೆಳಗಿದ್ದ ಬೇಸ್‌ನ ಮುಂದಿನ ಎರಡು ಸ್ಕ್ರೂ ಬೆರಳಲ್ಲೇ ತಿರುಗುತ್ತಿದ್ದವು. ಹೊರಗಿನಿಂದ ಅವು ಕಾಣುತ್ತಲೇ ಇರಲಿಲ್ಲ.

ಅವತ್ತಿನಿಂದ ನನ್ನದು ಒಂದೇ ಪದ್ಧತಿ. ಮೊದಲು ಸ್ಕ್ರೂ, ಆಮೇಲೆ ಸ್ಕೋಪ್, ಆಮೇಲೆ ತೋಟಾ, ಆಮೇಲೆ ಸ್ಟಾಕ್ (ಭುಜಕ್ಕೊತ್ತಿ ಹಿಡಿಯುವ ಮರದ ಅಥವಾ ಪ್ಲಾಸ್ಟಿಕ್ ಭಾಗ). ನಳಿಗೆಯನ್ನು ಬೈಯುವುದು ಎಲ್ಲಕ್ಕಿಂತ ಕೊನೆಗೆ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ನಾನು ಕೊಡಗಿನವನು. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಇವನ್ನೆಲ್ಲ ನೋಡಿ ಬೆಳೆದವನಿಗೆ ಕೋವಿ ಹೊಸದಲ್ಲ. ಆದರೆ ನಾನು ನೋಡಿದ ಜೋಡುನಳಿಗೆ ಕೋವಿಗಳಲ್ಲಿ ತುದಿಯ ಮಣಿ ನೋಡಿ ಹೊಡೆಯುವುದಿತ್ತೇ ಹೊರತು ಸ್ಕೋಪ್ ಇರಲಿಲ್ಲ. ಬೇಟೆಯಂತೂ ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿದ ಮಾತು. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಅಮೆರಿಕದಲ್ಲಿ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗುವವರಿಗೆ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ವಲಸಿಗರಲ್ಲದ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಸ್ನೇಹಿತನ ರೈಫಲ್ ರೇಂಜ್‌ನಲ್ಲಿ ಸುಮ್ನೆ ಒಮ್ಮೆ ಹಿಡಿದೆ ಅನ್ನುವುದೂ ತೊಂದರೆ ತರಬಹುದು. ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಮೇಜಿನ ಮೇಲೆ ಶುರು, ರೇಂಜ್‌ನಲ್ಲಿ ಅಲ್ಲ

ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಎಳೆದು ಚೇಂಬರನ್ನು, ಅಂದರೆ ತೋಟಾ ಕೂರುವ ಗೂಡನ್ನು, ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಬೋಲ್ಟ್ ಪೂರ್ತಿ ಹೊರಗೆ ತೆಗೆದಿಡಿ. ತೋಟಾ ಡಬ್ಬ ಆ ಕೋಣೆಯಲ್ಲೇ ಬೇಡ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಬಿಗಿತವನ್ನು (ಟಾರ್ಕ್) ಇಂಚ್-ಪೌಂಡ್‌ನಲ್ಲಿ ತೋರಿಸುವ ಟಾರ್ಕ್ ಸ್ಕ್ರೂಡ್ರೈವರ್, ಒಂದು ಸಣ್ಣ ರಸಮಟ್ಟ, ಜಿಡ್ಡು ತೆಗೆಯಲು ಸ್ಪಿರಿಟ್, ಸ್ಕ್ರೂ ಸಡಿಲವಾಗದಂತೆ ಹಚ್ಚುವ ನೀಲಿ ಬಣ್ಣದ ಥ್ರೆಡ್ ಲಾಕರ್. ಕೆಂಪು ಬಣ್ಣದ್ದು ತರಬೇಡಿ. ಅದು ಒಮ್ಮೆ ಹಿಡಿದರೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಈ ಪಟ್ಟಿಯಲ್ಲಿ ದುಡ್ಡು ಉಳಿಸಬಾರದ್ದು ಟಾರ್ಕ್ ಸ್ಕ್ರೂಡ್ರೈವರ್ ಒಂದೇ. ಕೈಯ ಅಂದಾಜು ಒಬ್ಬೊಬ್ಬರದು ಒಂದೊಂದು ಥರ.

ಬೇಸ್: ಕಣ್ಣಿಗೆ ಕಾಣದ ಸ್ಕ್ರೂಗಳು

ರೈಫಲ್‌ನ ರಿಸೀವರ್, ಅಂದರೆ ಬೋಲ್ಟ್ ಓಡಾಡುವ ಲೋಹದ ಮೈ, ಅದರ ಮೇಲೆ ನಾಲ್ಕು ಸಣ್ಣ ತೂತು ಇರುತ್ತವೆ. ಅದಕ್ಕೆ ಬೇಸ್ ಬಿಗಿಯುತ್ತೇವೆ, ಬೇಸ್‌ಗೆ ರಿಂಗ್, ರಿಂಗ್‌ನೊಳಗೆ ಸ್ಕೋಪ್. ಅಡಿಪಾಯ ಅಲುಗಾಡಿದರೆ ಮೇಲಿನದೆಲ್ಲ ಅಲುಗಾಡುತ್ತದೆ.

ತೂತು, ಸ್ಕ್ರೂ, ಬೇಸ್‌ನ ತಳ, ಮೂರನ್ನೂ ಸ್ಪಿರಿಟ್‌ನಲ್ಲಿ ಒರೆಸಿ. ಕಾರ್ಖಾನೆಯವರು ತುಕ್ಕು ಹಿಡಿಯದಿರಲಿ ಅಂತ ಧಾರಾಳವಾಗಿ ಎಣ್ಣೆ ಹಾಕಿರುತ್ತಾರೆ. ಆ ಎಣ್ಣೆಯ ಮೇಲೆ ಥ್ರೆಡ್ ಲಾಕರ್ ಹಿಡಿಯುವುದಿಲ್ಲ.

ಈಗ ತುಂಬ ಜನ ಬಿಡುವ ಒಂದು ಪರೀಕ್ಷೆ. ಬೇಸ್‌ನ ಎಲ್ಲ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಎಲ್ಲಕ್ಕಿಂತ ಮುಂದಿನ ತೂತಿನ ಕೆಳಗೆ ನಳಿಗೆಯ ಥ್ರೆಡ್ ಅಥವಾ ಬೋಲ್ಟ್‌ನ ಲಗ್ (ಬೋಲ್ಟನ್ನು ಬಿಗಿಹಿಡಿಯುವ ಚಾಚು) ಇರುತ್ತದೆ. ಅಲ್ಲಿ ಉದ್ದದ ಸ್ಕ್ರೂ ಹಾಕಿದರೆ ಅದು ತಳ ಮುಟ್ಟಿ ನಿಲ್ಲುತ್ತದೆ. ನಮಗೆ ಬಿಗಿಯಾಯಿತು ಅನ್ನಿಸುತ್ತದೆ, ಬೇಸ್ ಮಾತ್ರ ಸಡಿಲ. ಸ್ಕ್ರೂ ಇನ್ನೂ ಉದ್ದ ಇದ್ದರೆ ಬೋಲ್ಟ್‌ಗೇ ತಾಗುತ್ತದೆ. ಆದ್ದರಿಂದ ಒಂದೊಂದೇ ಸ್ಕ್ರೂ ಬಿಗಿದು, ಪ್ರತಿ ಸಲವೂ ಬೋಲ್ಟ್ ಹಾಕಿ ಮುಚ್ಚಿ ತೆರೆದು ನೋಡಿ. ಎಲ್ಲಾದರೂ ಗಟ್ಟಿಯಾದರೆ ಆ ಸ್ಕ್ರೂ ಉದ್ದ ಅಂತಲೇ ಲೆಕ್ಕ.

ಬೇಸ್ ಎರಡು ತುಂಡಾಗಿರದೆ ಒಂದೇ ಉದ್ದನೆಯ ಪಟ್ಟಿ (ರೈಲ್) ಆಗಿದ್ದರೆ ಇನ್ನೊಂದು ಪರೀಕ್ಷೆ. ಮುಂದಿನ ಎರಡು ಸ್ಕ್ರೂ ಮಾತ್ರ ಬಿಗಿಯಿರಿ. ಹಿಂದಿನ ತುದಿ ರಿಸೀವರ್‌ಗೆ ಕೂತಿದೆಯಾ, ಎದ್ದಿದೆಯಾ? ಕಾಗದ ತೂರಿಸಿ ನೋಡಿ. ಕಾರ್ಖಾನೆಯಲ್ಲಿ ರಿಸೀವರ್‌ಗೆ ಪಾಲಿಶ್ ಕೊಡುವಾಗ ಹಿಂಭಾಗ ಕೂದಲೆಳೆಯಷ್ಟು ಜಾಸ್ತಿ ಸವೆದಿರಬಹುದು. ಸಂದು ಇದ್ದೂ ಒತ್ತಿ ಬಿಗಿದರೆ ರೈಲ್ ಬಾಗುತ್ತದೆ, ಅದರ ಜೊತೆ ಸ್ಕೋಪ್‌ನ ಕೊಳವೆಯೂ ಬಾಗುತ್ತದೆ. ಆ ಸಂದಿಗೆ ತೆಳುವಾಗಿ ಎಪಾಕ್ಸಿ ತುಂಬಿ ಕೂರಿಸುವುದು ಬಂದೂಕು ರಿಪೇರಿಯವರ ಹಳೆಯ ದಾರಿ.

ಬೇಸ್ ಸ್ಕ್ರೂಗಳು ತುಂಬ ಸಣ್ಣವು. ಸಾಮಾನ್ಯವಾಗಿ 15ರಿಂದ 25 ಇಂಚ್-ಪೌಂಡ್ ಸಾಕು. ಬೇಸ್ ತಯಾರಿಸಿದವರ ಹಾಳೆಯಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಅಂತಿಮ. ಥ್ರೆಡ್ ಲಾಕರ್ ಹಸಿಯಾಗಿರುವಾಗ ಎಣ್ಣೆಯ ಹಾಗೆ ಜಾರುತ್ತದೆ. ಹಾಗಾಗಿ ಒಣ ಸ್ಕ್ರೂಗೆ ಹೇಳಿದ ಸಂಖ್ಯೆಗಿಂತ ಒಂದು ಚೂರು ಕಮ್ಮಿ ಇಡಿ.

ತೂತೇ ಓರೆ ಇದ್ದರೆ?

ಇದು ಕಾರ್ಖಾನೆ ರೈಫಲ್‌ನ ನಿಜವಾದ ತಂಟೆ. ತೂತುಗಳ ಸಾಲು ನಳಿಗೆಯ ನೇರಕ್ಕೆ ಇಲ್ಲದೆ ಕೂದಲೆಳೆಯಷ್ಟು ಪಕ್ಕಕ್ಕೆ ಇರಬಹುದು. ಲಕ್ಷಣ ಸುಲಭ. ಗುಂಡನ್ನು ಮಧ್ಯಕ್ಕೆ ತರಲು ಸ್ಕೋಪ್‌ನ ಎಡ-ಬಲ ಹೊಂದಿಸುವ ಪಕ್ಕದ ಗುಂಡಿಯನ್ನು ಒಂದೇ ಕಡೆಗೆ ತಿರುಗಿಸುತ್ತಲೇ ಇರುತ್ತೀರಿ, ಅದು ತುದಿ ಮುಟ್ಟಿ ನಿಂತೇಬಿಡುತ್ತದೆ.

ಮೊದಲು ಸ್ಕೋಪನ್ನು ಅದರ ಮಧ್ಯಕ್ಕೆ ತನ್ನಿ. ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿ, ಕ್ಲಿಕ್ ಎಣಿಸಿ, ಅರ್ಧ ವಾಪಸ್ ಬನ್ನಿ. ಎರಡು ಗುಂಡಿಗೂ ಹೀಗೇ. ಇಲ್ಲಿಂದ ಝೀರೋ ಮಾಡಲು, ಅಂದರೆ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವ ಹಾಗೆ ಹೊಂದಿಸಲು, ಸ್ವಲ್ಪ ಕ್ಲಿಕ್ ಬೇಕಾಗುವುದು ಸಹಜ. ಇರುವ ಅವಕಾಶದಲ್ಲಿ ಮುಕ್ಕಾಲು ಭಾಗ ಅಲ್ಲೇ ಖರ್ಚಾದರೆ ತೂತು ಅಥವಾ ರಿಂಗ್ ಓರೆ ಇದೆ.

ಪರಿಹಾರ ಮೂರು. ಹಿಂದಿನ ಬೇಸ್‌ನಲ್ಲಿ ಅಕ್ಕಪಕ್ಕ ಸರಿಸುವ ಸ್ಕ್ರೂ ಇರುವ ಹಳೆಯ ಮಾದರಿ ಒಂದು. ಎರಡನೆಯದು ಬರ್ರಿಸ್ ಸಿಗ್ನೇಚರ್ ಥರದ ರಿಂಗ್. ಒಳಗೆ ಪ್ಲಾಸ್ಟಿಕ್ ಬಳೆಯಂಥದ್ದು ಇರುತ್ತದೆ. ಅದು ಸ್ಕೋಪ್‌ನ ನೇರಕ್ಕೆ ತಾನೇ ಹೊರಳಿಕೊಳ್ಳುತ್ತದೆ. ಬೇಕಾದರೆ ಓರೆಯಾಗಿಯೇ ಮಾಡಿದ ಬಳೆಯೂ ಸಿಗುತ್ತದೆ. ಮೂರನೆಯದು ರಿಂಗ್ ಒಳಗೆ ಮರಳುಪುಡಿ ಹಾಕಿ ಉಕ್ಕಿನ ಸರಳಿನಿಂದ ಉಜ್ಜುವ ಲ್ಯಾಪಿಂಗ್. ಇದನ್ನು ಹೊಗಳುವವರು ಬಹಳ ಜನ ಇದ್ದಾರೆ. ನನಗೇನೋ ಅಷ್ಟು ಇಷ್ಟವಿಲ್ಲ. ಉಜ್ಜಿದ್ದನ್ನು ವಾಪಸ್ ತರಲಾಗುವುದಿಲ್ಲ, ಅಲ್ವಾ? ನಾನಾದರೆ ಬಳೆಯ ರಿಂಗ್‌ಗೇ ಹೋಗುತ್ತೇನೆ. ತೂತು ತೀರಾ ಓರೆ ಇದ್ದರೆ ವಾರಂಟಿಯಲ್ಲಿ ವಾಪಸ್ ಕಳಿಸಿ, ಅಷ್ಟೆ.

ಸ್ಕೋಪ್ ಕೂರಿಸುವುದು

ರಿಂಗ್‌ನ ಅಳತೆ ಸ್ಕೋಪ್ ಕೊಳವೆಗೆ ಸರಿಹೊಂದಬೇಕು. 1 ಇಂಚು ಅಂದರೆ 25.4 ಮಿಲಿಮೀಟರ್. 30 ಮಿಲಿಮೀಟರ್ ಬೇರೆ. ಬಹಳಷ್ಟು ಬೇಟೆ ಸ್ಕೋಪ್‌ಗಳಲ್ಲಿ ಕಣ್ಣಿಗೂ ಗಾಜಿಗೂ ಮೂರೂವರೆಯಿಂದ ನಾಲ್ಕು ಇಂಚು ದೂರ ಬೇಕು. ಇದು ಕಮ್ಮಿಯಾದರೆ ರೈಫಲ್ ಒದ್ದಾಗ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ. ಸೀಸನ್‌ನಲ್ಲಿ ಆ ಗಾಯ ಹೊತ್ತು ಆಫೀಸಿಗೆ ಬರುವವರನ್ನು ಕಂಡಿದ್ದೇನೆ. ಚಳಿಯ ಜಾಕೆಟ್ ಹಾಕಿಕೊಂಡೇ ಅಳತೆ ನೋಡಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ತನ್ನಿ, ಕೆನ್ನೆ ಇಡಿ, ಕಣ್ಣು ಬಿಡಿ. ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣಬೇಕು.

ಆಮೇಲೆ ಮಟ್ಟ. ರೈಫಲ್‌ನ ಚಪ್ಪಟೆ ಭಾಗದ ಮೇಲೆ ರಸಮಟ್ಟ ಇಟ್ಟು ನೆಟ್ಟಗೆ ನಿಲ್ಲಿಸಿ. ದೂರದಲ್ಲಿ, ಗಾರೆಯವರು ಗೋಡೆಗೆ ಇಳಿಬಿಡುವ ಹಾಗೆ, ದಾರಕ್ಕೆ ಒಂದು ಭಾರ ಕಟ್ಟಿ ನೇತುಹಾಕಿ. ಸ್ಕೋಪ್‌ನಲ್ಲಿ ಕಾಣುವ ಉದ್ದಗೆರೆ ಆ ದಾರದ ಜೊತೆ ಒಂದಾಗುವವರೆಗೆ ಸ್ಕೋಪ್ ಹೊರಳಿಸಿ. ಇಷ್ಟು ಕಸರತ್ತು ಯಾಕೆ ಅಂದರೆ, .308ಗೆ 100 ಗಜದಲ್ಲಿ ಝೀರೋ ಮಾಡಿದರೆ 300 ಗಜದಲ್ಲಿ ಗುಂಡು ಸುಮಾರು 14 ಇಂಚು ಕೆಳಗೆ ಬೀಳುತ್ತದೆ. ಅಷ್ಟನ್ನು ಓರೆ ಗೆರೆಯ ಮೇಲೆ ಸರಿಮಾಡಿದರೆ, ಬರೀ 5 ಡಿಗ್ರಿ ಓರೆಗೆ ಗುಂಡು ಒಂದಿಂಚಿಗಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ. 100 ಗಜದ ಒಳಗೇ ಹೊಡೆಯುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ರಿಂಗ್ ಮೇಲಿನ ಸ್ಕ್ರೂಗಳನ್ನು ಕಾರಿನ ಚಕ್ರದ ನಟ್ ಹಾಗೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎರಡೂ ಪಕ್ಕದ ಸಂದು ಒಂದೇ ಇರಲಿ. ಇಲ್ಲಿ 15ರಿಂದ 18 ಇಂಚ್-ಪೌಂಡ್ ಸಾಕು. ಜಾಸ್ತಿ ಬಿಗಿದರೆ ಕೊಳವೆ ಜಜ್ಜಿ ಒಳಗಿನ ಭಾಗ ಅಂಟಿಕೊಳ್ಳುತ್ತದೆ. ಆಮೇಲೆ ಕ್ಲಿಕ್ ಕೇಳಿಸುತ್ತದೆ, ಗುಂಡು ಮಾತ್ರ ಸರಿಯುವುದಿಲ್ಲ.

ಮೊದಲ ಗುಂಡು ಹಾರಿಸುವ ಮುನ್ನ

ಬೋಲ್ಟ್ ತೆಗೆದ ರೈಫಲನ್ನು ಮರಳುಚೀಲದ ಮೇಲೆ ಅಲುಗದಂತೆ ಇಡಿ. ಹಿಂದಿನಿಂದ ನಳಿಗೆಯೊಳಗೆ ನೋಡಿ, 25 ಗಜದ ಗುರಿಯನ್ನು ವೃತ್ತದ ನಡುವೆ ತನ್ನಿ. ಈಗ ರೈಫಲ್ ಮುಟ್ಟದೆ ಸ್ಕೋಪ್ ಗುಂಡಿ ತಿರುಗಿಸಿ ಗೆರೆಗಳನ್ನು ಅದೇ ಗುರಿಗೆ ತನ್ನಿ. ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. ಗುಂಡಿಯ ಮೇಲೆ ಬರೆದಿರುವ ದಿಕ್ಕು ಗುಂಡು ಹೋಗುವ ದಿಕ್ಕು. ಮೇಲೆ ಅಂತ ತಿರುಗಿಸಿದರೆ ಒಳಗಿನ ಗೆರೆ ಕೆಳಗೆ ಹೋದ ಹಾಗೆ ಕಾಣುತ್ತದೆ. ಲಿವರ್ ಆಕ್ಷನ್ ಥರ ಹಿಂದಿನಿಂದ ನೋಡಲಾಗದ ರೈಫಲ್‌ಗೆ ಲೇಸರ್ ಸಾಧನ ಸಿಗುತ್ತದೆ. ಗುಂಡು ಹಾರಿಸುವ ಮೊದಲು ಅದನ್ನು ತೆಗೆದಿರಬೇಕು. ಮರೆತರೆ ನಳಿಗೆ ಒಡೆಯುತ್ತದೆ.

ಕನ್ನಡಕ, ಕಿವಿಗೆ ಮಫ್ ಹಾಕಿ. ನಳಿಗೆಯೊಳಗಿನ ಕಾರ್ಖಾನೆ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. 25 ಗಜದಲ್ಲಿ ಮೂರು ಗುಂಡು ಹಾರಿಸಿ. ಬಹಳಷ್ಟು ಸ್ಕೋಪ್‌ಗಳಲ್ಲಿ ಒಂದು ಕ್ಲಿಕ್ ಅಂದರೆ ಕಾಲು ಎಂಒಎ (ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗದ ಕೋನ). ಒಂದು ಎಂಒಎ 100 ಗಜದಲ್ಲಿ 1.047 ಇಂಚು, ಲೆಕ್ಕಕ್ಕೆ ಒಂದಿಂಚು ಅನ್ನಿ. ಅಲ್ಲಿ ನಾಲ್ಕು ಕ್ಲಿಕ್‌ಗೆ ಒಂದಿಂಚು. 25 ಗಜದಲ್ಲಿ ಅದೇ ಒಂದಿಂಚಿಗೆ ಹದಿನಾರು ಕ್ಲಿಕ್. ಇನ್ನೊಂದು ವಿಷಯ. ಸ್ಕೋಪ್ ನಳಿಗೆಗಿಂತ ಒಂದೂವರೆ ಇಂಚು ಮೇಲೆ ಇರುವುದರಿಂದ, 100 ಗಜಕ್ಕೆ ಸರಿಯಿರುವ .308 ಇಲ್ಲಿ ಅರ್ಧದಿಂದ ಮುಕ್ಕಾಲು ಇಂಚು ಕೆಳಗೇ ಬೀಳಬೇಕು. ಅಲ್ಲಿ ತಂದು ನಿಲ್ಲಿಸಿ, 100 ಗಜಕ್ಕೆ ಹೋಗಿ.

ಮೂರು ಗುಂಡಿನ ಮೋಸ

100 ಗಜದಲ್ಲಿ ಮರಳುಚೀಲದ ಮೇಲೆ ಸ್ಟಾಕ್‌ನ ಮುಂಭಾಗ ಇಡಿ, ನಳಿಗೆ ಇಡಬೇಡಿ. ಬೆಲ್ಟ್ ಸಿಕ್ಕಿಸುವ ಕೊಂಡಿ ಚೀಲಕ್ಕೆ ತಾಗದಿರಲಿ. ಐದು ಗುಂಡು ನಿಧಾನವಾಗಿ, ನಡುವೆ ಎರಡು ನಿಮಿಷ ಬಿಟ್ಟು ಹಾರಿಸಿ. ಪ್ರತಿ ಗುಂಡು ಹಾರಿಸಿದ ಮೇಲೂ ಸ್ಕೋಪ್ ಗುಂಡಿ ತಿರುಗಿಸುವ ಚಟ ಬಿಡಿ.

ಮೂರು ಗುಂಡು ಒಂದಿಂಚಿನೊಳಗೆ ಬಿದ್ದರೆ ನಾವು ರೈಫಲ್‌ಗೆ ಸರ್ಟಿಫಿಕೇಟ್ ಕೊಟ್ಟುಬಿಡುತ್ತೇವೆ. ಕೆಲವು ಕಂಪನಿಗಳ ಗ್ಯಾರಂಟಿಯೂ ಮೂರು ಗುಂಡಿನದ್ದೇ. ಆದರೆ ಸರಾಸರಿ ಮೂರು ಗುಂಡಿಗೆ 1 ಇಂಚು ಹರಡುವ ರೈಫಲ್, ಐದು ಗುಂಡಿಗೆ ಸುಮಾರು 1.3 ಇಂಚು, ಹತ್ತು ಗುಂಡಿಗೆ 1.6 ಇಂಚಿನ ಹತ್ತಿರ ಹರಡುತ್ತದೆ. ರೈಫಲ್ ಕೆಟ್ಟಿದ್ದಲ್ಲ, ನಾವು ಈಗ ಸರಿಯಾಗಿ ಎಣಿಸಿದ್ದು. ಗ್ರೂಪ್‌ನ, ಅಂದರೆ ಕಾಗದದಲ್ಲಿ ಬಿದ್ದ ಗುಂಡುಗಳ ಗುಂಪಿನ, ನಡುಬಿಂದುವಿಗೂ ಇದೇ ಮಾತು. ಮೂರು ಗುಂಡಿನ ನಡುಬಿಂದು, ಹತ್ತರ ನಡುಬಿಂದುವಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಲ್ಲಾಡುತ್ತದೆ. ಪ್ರತಿ ಶನಿವಾರ ಝೀರೋ ಅರ್ಧ ಇಂಚು ಸರಿಯಿತು ಅನ್ನುವವರು ಬಹಳ ಸಲ ಬೆನ್ನಟ್ಟುತ್ತಿರುವುದು ಈ ಅಲ್ಲಾಟವನ್ನೇ.

ಜಿಂಕೆಯ ಆಯಕಟ್ಟಿನ ಜಾಗ, ಹೃದಯ ಮತ್ತು ಶ್ವಾಸಕೋಶ, ಸುಮಾರು ಎಂಟು ಇಂಚಿನ ತಟ್ಟೆಯಷ್ಟು ಅಂತ ಬೇಟೆಗಾರರ ಲೆಕ್ಕ. 100 ಗಜದಲ್ಲಿ ಎರಡು ಇಂಚು ಹರಡುವ ರೈಫಲ್ ಆ ಕೆಲಸಕ್ಕೆ ಧಾರಾಳ ಸಾಕು.

ಕಾಗದ ಓದುವುದು

ಗ್ರೂಪ್ ಕೆಟ್ಟದಾಗಿದ್ದರೆ ಕಾಗದವನ್ನು ಎಸೆಯಬೇಡಿ. ತೂತುಗಳ ಆಕಾರವೇ ಕಾರಣ ಹೇಳುತ್ತದೆ.

ಎರಡು ಬೇರೆ ಬೇರೆ ಗುಂಪು, ಪ್ರತಿಯೊಂದೂ ಚಿಕ್ಕದು. ಅಂದರೆ ಏನೋ ಎರಡು ಜಾಗದ ನಡುವೆ ಜಿಗಿಯುತ್ತಿದೆ. ಸಡಿಲ ಬೇಸ್, ಸಡಿಲ ಆಕ್ಷನ್ ಸ್ಕ್ರೂ, ಅಥವಾ ಸ್ಕೋಪ್‌ನ ಒಳಭಾಗ. ನನ್ನ .308ರದ್ದು ಇದೇ ಕಥೆಯಾಗಿತ್ತು. ಆಕ್ಷನ್ ಸ್ಕ್ರೂ ಅಂದರೆ ಸ್ಟಾಕ್‌ನ ಕೆಳಗಿನಿಂದ ರಿಸೀವರನ್ನು ಹಿಡಿದಿರುವ ದಪ್ಪ ಸ್ಕ್ರೂಗಳು. ಬರೀ ಮರದ ಸ್ಟಾಕ್‌ಗೆ 40ರ ಆಸುಪಾಸು, ಒಳಗೆ ಅಲ್ಯೂಮಿನಿಯಂ ಇರುವುದಕ್ಕೆ 60-65 ಇಂಚ್-ಪೌಂಡ್ ರೂಢಿಯಲ್ಲಿದೆ. ನಿಮ್ಮ ಕೈಪಿಡಿಯ ಸಂಖ್ಯೆ ನೋಡಿಕೊಳ್ಳಿ.

ಗುಂಡುಗಳು ಒಂದರ ಮೇಲೊಂದು ಏಣಿಯ ಹಾಗೆ ಹತ್ತುತ್ತಾ ಹೋದರೆ ನಳಿಗೆ ಎಲ್ಲೋ ಸ್ಟಾಕ್‌ಗೆ ತಾಗುತ್ತಿದೆ ಅನ್ನಿ. ಒಂದು ಡಾಲರ್ ನೋಟನ್ನು ನಳಿಗೆ ಮತ್ತು ಸ್ಟಾಕ್ ನಡುವೆ ತೂರಿಸಿ ರಿಸೀವರ್‌ವರೆಗೆ ಎಳೆಯಿರಿ. ಸಿಕ್ಕಿಕೊಂಡ ಜಾಗವೇ ತಾಗುವ ಜಾಗ. ಮರ ತೇವಕ್ಕೆ ಉಬ್ಬಿ ತಿರುಚಿಕೊಳ್ಳುತ್ತದೆ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ನದು ಇನ್ನೊಂದು ಆಟ. ಕೈಯಲ್ಲಿ ಹಿಡಿದರೆ ನೋಟು ಸರಾಗ ಹೋಗುತ್ತದೆ, ಬೈಪಾಡ್ (ಮುಂಭಾಗಕ್ಕೆ ಆಸರೆಯಾಗುವ ಎರಡು ಕಾಲು) ಮೇಲೆ ಭಾರ ಹಾಕಿದ ಕೂಡಲೇ ಬಾಗಿ ನಳಿಗೆಗೆ ತಾಗುತ್ತದೆ. ಬೇಟೆಗೆ ಹೇಗೆ ಹಿಡಿಯುತ್ತೀರೋ ಹಾಗೆ ಹಿಡಿದೇ ಪರೀಕ್ಷಿಸಿ. ಸ್ಟಾಕ್ ಉಜ್ಜಲು ಹೋಗುವ ಮುನ್ನ ಒಂದು ಮಾತು. ಕೆಲವು ಕಾರ್ಖಾನೆ ರೈಫಲ್‌ಗಳಲ್ಲಿ ಸ್ಟಾಕ್ ತುದಿಯಲ್ಲಿ ಬೇಕೆಂತಲೇ ಒಂದು ಉಬ್ಬು ಬಿಟ್ಟಿರುತ್ತಾರೆ. ತೆಳು ನಳಿಗೆಯ ನಡುಕ ತಡೆಯಲು ಅದು. ಅದನ್ನು ತೆಗೆದರೆ ಕೆಲವು ರೈಫಲ್ ಸುಧಾರಿಸುತ್ತವೆ, ಕೆಲವು ಹದಗೆಡುತ್ತವೆ. ಮೊದಲು ರಿಸೀವರ್ ಹತ್ತಿರ ಸ್ಟಾಕ್‌ನಲ್ಲಿ ಒಂದು ದಪ್ಪ ಕಾಗದದ ಚೂರು ಇಟ್ಟು ನಳಿಗೆಯನ್ನು ಎತ್ತರಿಸಿ ಹಾರಿಸಿ ನೋಡಿ. ಸುಧಾರಿಸಿದರೆ ಮಾತ್ರ ಉಜ್ಜಿ.

ಮೊದಲ ಎರಡು ಗುಂಡು ಸರಿ, ಆಮೇಲೆ ಒಂದೇ ದಿಕ್ಕಿಗೆ ನಡೆಯುತ್ತಾ ಹೋಗುತ್ತದೆ ಅಂದರೆ ನಳಿಗೆ ಕಾದಿದೆ. ಬೇಟೆ ರೈಫಲ್‌ನ ನಳಿಗೆ ಹೊರಲು ಹಗುರವಾಗಲಿ ಅಂತ ತೆಳು ಮಾಡಿರುತ್ತಾರೆ. ಇದನ್ನು ದೋಷ ಅನ್ನಲಾರೆ. ಕಾಡಿನಲ್ಲಿ ಬೇಕಾಗುವುದು ತಣ್ಣಗಿನ ನಳಿಗೆಯ ಮೊದಲ ಈಡು. ಸೀಸನ್‌ಗೆ ಮೊದಲು ಮೂರ್ನಾಲ್ಕು ಬೇರೆ ಬೇರೆ ದಿನ ಹೋಗಿ, ಪ್ರತಿ ಸಲ ಒಂದೇ ಮೊದಲ ಗುಂಡನ್ನು ಒಂದೇ ಕಾಗದಕ್ಕೆ ಹಾರಿಸಿ ಇಡಿ. ಆ ಕಾಗದ ಉಳಿದೆಲ್ಲಕ್ಕಿಂತ ಬೆಲೆಯುಳ್ಳದ್ದು.

ಅಡ್ಡಕ್ಕೆ ಹರಡಿದರೆ ಮೊದಲು ಗಾಳಿ, ಆಮೇಲೆ ನಿಮ್ಮ ಬೆರಳು. ಟ್ರಿಗರ್ ಐದಾರು ಪೌಂಡ್ ಭಾರ ಇದ್ದರೆ ಎಳೆಯುವಾಗ ರೈಫಲೇ ಸರಿಯುತ್ತದೆ. ಕೈಪಿಡಿ ಒಪ್ಪುವಷ್ಟು ಮಾತ್ರ ಸಡಿಲಿಸಿ, ಉಳಿದದ್ದು ಬಂದೂಕು ರಿಪೇರಿಯವರಿಗೆ ಬಿಡಿ. ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವುದು, ಅದನ್ನೂ ನೋಡಿ. ಹೊಂದಿಸಲಾಗದ ಬೇಟೆ ಸ್ಕೋಪ್‌ಗಳನ್ನು ಹೆಚ್ಚಾಗಿ 100 ಅಥವಾ 150 ಗಜಕ್ಕೆ ಕಟ್ಟಿರುತ್ತಾರೆ. ಬೇರೆ ದೂರದಲ್ಲಿ ಕೆನ್ನೆ ಆಚೀಚೆ ಆದರೆ ಗುರಿಯೂ ಆಚೀಚೆ.

ಕಾಗದದಲ್ಲಿ ತೂತು ದುಂಡಗಿಲ್ಲದೆ ಬೀಗದ ಕೈ ತೂತಿನ ಹಾಗೆ ಉದ್ದಕ್ಕೆ ಇದ್ದರೆ ಗುಂಡು ಅಡ್ಡ ಮಲಗಿ ಹೋಗಿದೆ. ಕಾರಣ ಹೆಚ್ಚಾಗಿ ಟ್ವಿಸ್ಟ್. ನಳಿಗೆಯ ಸುರುಳಿ ನಿಧಾನ, ಗುಂಡು ಉದ್ದ. ಇದರಿಂದ ಒಂದು ತೋಟಾದ ಮಾರುಕಟ್ಟೆಯೇ ಮುಳುಗಿದ ಕಥೆ ಇದೆ. 1955ರಲ್ಲಿ .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್ ಒಟ್ಟಿಗೇ ಬಂದವು. ವಿಂಚೆಸ್ಟರ್ ಹತ್ತು ಇಂಚಿಗೆ ಒಂದು ಸುತ್ತು ಕೊಟ್ಟಿತು, ರೆಮಿಂಗ್ಟನ್ ಹನ್ನೆರಡಕ್ಕೆ ಒಂದು. ಜಿಂಕೆಗೆ ಬೇಕಾದ 100 ಗ್ರೇನ್ (ಗ್ರೇನ್ ಗುಂಡಿನ ತೂಕದ ಅಳತೆ) ಗುಂಡಿಗೆ ಆ ಹನ್ನೆರಡು ಸಾಲದು ಅಂತ ಹೆಸರು ಕೆಟ್ಟಿತು. 1963ರಲ್ಲಿ ಟ್ವಿಸ್ಟನ್ನು ಒಂಬತ್ತು ಇಂಚಿಗೆ ಇಳಿಸಿ, 6 ಎಂಎಂ ರೆಮಿಂಗ್ಟನ್ ಅಂತ ಹೊಸ ಹೆಸರಿಟ್ಟು ಬಿಟ್ಟರು. ಅಷ್ಟರಲ್ಲಿ .243 ಎಲ್ಲರ ಮನೆ ಸೇರಿತ್ತು.

ಸಾಮಾನ್ಯವಾಗಿ ಹರಡುತ್ತಿದೆ, ನಿರ್ದಿಷ್ಟ ಆಕಾರ ಇಲ್ಲ ಅಂದರೆ ತೋಟಾ ಬದಲಿಸಿ. ಬೇರೆ ಬೇರೆ ತೂಕದ ಮೂರು ನಾಲ್ಕು ಬಗೆ ತನ್ನಿ. ಒಂದೇ ರೈಫಲ್ ಒಂದಕ್ಕೆ ಮೂರು ಇಂಚು, ಇನ್ನೊಂದಕ್ಕೆ ಒಂದು ಇಂಚು ಕೊಡುವುದು ಮಾಮೂಲಿ. ದುಬಾರಿ ತೋಟಾವೇ ಗೆಲ್ಲಬೇಕು ಅಂತಿಲ್ಲ. ಇದೂ ಆಗದಿದ್ದರೆ ನಳಿಗೆಯ ತಾಮ್ರದ ಕೊಳೆ ತೆಗೆಯಿರಿ, ಚೇಂಬರ್ ಕಡೆಯಿಂದಲೇ. ತುದಿಯ ಅಂಚಿನಲ್ಲಿ ಚಿಟಿಕೆಯಷ್ಟು ಪೆಟ್ಟಾಗಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಆಮೇಲೆ ಮಾತ್ರ ನಳಿಗೆಯನ್ನು ಬೈಯಿರಿ.

ಸ್ಕೋಪ್‌ಗೂ ಪರೀಕ್ಷೆ

ದೊಡ್ಡ ಕಾಗದದ ನಡುವೆ ಗುರಿ ಇಟ್ಟು ಎರಡು ಗುಂಡು ಹಾರಿಸಿ. ಆಮೇಲೆ 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ. ಪ್ರತಿ ಸಲ ಅದೇ ನಡುವಿನ ಗುರಿ ನೋಡಿಯೇ ಎರಡು ಗುಂಡು. 100 ಗಜದಲ್ಲಿ ಐದು ಇಂಚಿನ ಚೌಕ ಮೂಡಿ, ಕೊನೆಯ ಗುಂಡು ಮೊದಲಿನ ಜಾಗಕ್ಕೇ ಬರಬೇಕು. ಬರಲಿಲ್ಲವಾದರೆ ಇನ್ನೊಂದು ಸ್ಕೋಪ್ ಎರವಲು ತಂದು ಅದೇ ರೈಫಲ್ ಮೇಲೆ ಕೂರಿಸಿ ನೋಡಿ. ಚೌಕ ಓರೆಯಾಗಿ ಮೂಡಿದರೆ ಮಟ್ಟ ತಪ್ಪಿದೆ. ರಸಮಟ್ಟ ಮತ್ತೆ ಹೊರಗೆ ತೆಗೆಯಿರಿ.

ಎಲ್ಲ ಸರಿಯಾದ ಮೇಲೆ ಬೇಟೆಯ ಝೀರೋ. .308ರಲ್ಲಿ 150 ಗ್ರೇನ್ ಗುಂಡನ್ನು 100 ಗಜದಲ್ಲಿ ಎರಡು ಇಂಚು ಮೇಲೆ ಬೀಳುವ ಹಾಗೆ ಇಟ್ಟರೆ ಅದು 200 ಗಜದ ಹತ್ತಿರ ಗುರಿಗೆ ಕೂರುತ್ತದೆ. ನಮ್ಮ ಕಡೆಯ ದಟ್ಟ ಕಾಡಿನಲ್ಲಿ 100 ಗಜ ಕಾಣುವುದೇ ಕಷ್ಟ. ಹಾಗಾಗಿ ನನ್ನದು 100ಕ್ಕೇ ಇದೆ. ಸ್ಕ್ರೂ ತಲೆಯಿಂದ ರಿಂಗ್‌ವರೆಗೆ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಸ್ಕ್ರೂ ತಿರುಗಿದರೆ ಗೆರೆ ಮುರಿಯುತ್ತದೆ. ಕಾರಿನಲ್ಲಿ ದೂರ ಹೋದ ಮೇಲೆ, ರೈಫಲ್ ಬಿದ್ದ ಮೇಲೆ, ತೋಟಾದ ಬ್ರ್ಯಾಂಡ್ ಬದಲಿಸಿದ ಮೇಲೆ ಮತ್ತೆ ಮೂರು ಗುಂಡು ಹಾರಿಸಿ ನೋಡಿ.

ನನ್ನ ಸ್ಟಾಕ್‌ನ ಪಕ್ಕ ಒಂದು ಅಂಟುಪಟ್ಟಿ ಇದೆ. ಅದರ ಮೇಲೆ ತೋಟಾದ ಹೆಸರು, ಝೀರೋ ಮಾಡಿದ ತಾರೀಕು, ಮೂರು ಟಾರ್ಕ್ ಸಂಖ್ಯೆ. ಉಗುರುಬಣ್ಣದ ಬಾಟಲಿ ಎಲ್ಲಿಗೆ ಹೋಯಿತು ಅಂತ ನನ್ನ ಹೆಂಡತಿ ಇನ್ನೂ ಹುಡುಕುತ್ತಿದ್ದಾಳೆ.